ಗೆಡ್ಡೀಸನ ನಗರೋದ್ಧಾರವೂ ಕೇರಿಯ ಜನರೂ

ಪಟ್ಟಣಗಳ ಜೀರ್ಣೋದ್ಧಾರವೆಂದರೆ ಬಡವರ ಕೇರಿಗಳನ್ನು ಕೆಡವಿ ನೇರವಾದ ಬೀದಿಗಳನ್ನು ತೆಗೆಯುವುದೆಂದೇ ಹತ್ತೊಂಬತ್ತನೆಯ ಶತಮಾನದ ಅನೇಕ ಅಧಿಕಾರಿಗಳು ಬಗೆದಿದ್ದರು. ಈ ಮತವನ್ನು ಎದುರಿಸಿದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸನು ಪ್ರಮುಖನು. ೧೮೮೬ರಲ್ಲಿ ವಿವಾಹವಾದ ಬಳಿಕ ಆತನು ಪತ್ನಿಯೊಡನೆ ಎಡಿನ್‌ಬರೋ ನಗರದ ಹಳೆಯ ಭಾಗದಲ್ಲಿ, ಜೇಮ್ಸ್ ಕೋರ್ಟ್ ಎಂಬ ಶಿಥಿಲವಾದ ವಠಾರದಲ್ಲಿ ನೆಲಸಿ, ನೆರೆಯವರನ್ನು ಕೂಡಿಕೊಂಡು ಕಸ ತೆಗೆದು, ಗೋಡೆಗಳಿಗೆ ಸುಣ್ಣ ಬಳಿದು, ಕಿಟಕಿಗಳಲ್ಲಿ ಹೂಗಿಡಗಳನ್ನು ಬೆಳೆಸಿದನು.

೧೯೧೪ರಲ್ಲಿ ಭಾರತಕ್ಕೆ ಬಂದ ಮೇಲೆಯೂ ಆತನ ಕ್ರಮವು ಬದಲಾಗಲಿಲ್ಲ. ಅತ್ಯವಶ್ಯವಾದಲ್ಲಿ ಮಾತ್ರ ಮನೆಗಳನ್ನು ತೆಗೆದು, ಉಳಿದವನ್ನು ದುರಸ್ತಿಮಾಡುವ ಈ ವಿಧಾನವನ್ನು ‘ಸಂರಕ್ಷಕ ಶಸ್ತ್ರಚಿಕಿತ್ಸೆ’ ಎಂದು ಕರೆದನು. ಪ್ಲೇಗಿನಿಂದ ನೊಂದಿದ್ದ ಇಂದೂರಿನಲ್ಲಿ, ದೀಪಾವಳಿಯ ಮೆರವಣಿಗೆಯು ಹೆಚ್ಚು ಚೊಕ್ಕಟವಾದ ಬೀದಿಗಳಲ್ಲಿಯೇ ಸಾಗುವುದೆಂದು ಸಾರಿಸಲು, ಜನರು ತಮ್ಮ ಮನೆಗಳನ್ನೂ ಬೀದಿಗಳನ್ನೂ ಉತ್ಸಾಹದಿಂದ ಶುಚಿಗೊಳಿಸಿದರು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಎಡಿನ್‌ಬರೋದಲ್ಲಿ ಆತನು ನೆರೆಯವನು. ಇಂದೂರಿನಲ್ಲಿ ದರ್ಬಾರಿನ ಸಲಹೆಗಾರನು. ೧೯೧೮ರ ಆತನ ವರದಿಯು ಒಪ್ಪಿಸಲ್ಪಟ್ಟುದು ದರ್ಬಾರಿಗೇ ಹೊರತು ಕೇರಿಯ ನಿವಾಸಿಗಳಿಗಲ್ಲ. ಜನರ ಶ್ರಮವನ್ನು ಪಡೆಯುವುದು ಬೇರೆ, ನಿರ್ಧಾರದಲ್ಲಿ ಅವರಿಗೆ ಪಾಲು ಕೊಡುವುದು ಬೇರೆ. ಮೊದಲನೆಯದನ್ನು ಗೆಡ್ಡೀಸನು ಸಾಧಿಸಿ ತೋರಿಸಿದನು. ಎರಡನೆಯದು ಮುಂದಿನವರಿಗೆ ಉಳಿದ ಕಾರ್ಯವಾಯಿತು.