ಆಪತ್ಕಾಲದ ಎಸೆತಗಾರ

ಕ್ರಿಕೆಟ್ ಆಟವನ್ನು ಬಲ್ಲ ನಮಗೆ ಅಮೆರಿಕದ ಬೇಸ್‌ಬಾಲ್ ತುಸು ದೂರದ್ದು. ಅಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅವನು ಬಳಲಿ, ಎದುರಾಳಿಗಳ ಕೈ ಮೇಲಾಗುತ್ತಿರುವಾಗ, ಮೈದಾನದ ಅಂಚಿನಲ್ಲಿ ಕಾದು ಕುಳಿತ ಇನ್ನೊಬ್ಬನಿಗೆ ಕರೆ ಬರುತ್ತದೆ. ಇವನೇ ರಿಲೀಫ್ ಪಿಚರ್. ಬಹುಕಾಲ ಇದು ಗೌರವದ ಕೆಲಸವೆನಿಸಿರಲಿಲ್ಲ; ಮೊದಲ ಸಾಲಿಗೆ ಸಲ್ಲದವರ ಪಾಲಿನದೆಂದೇ ಎಣಿಕೆ. ಈ ಕೆಲಸಕ್ಕೆ ಮಾನ ತಂದವರಲ್ಲಿ ಹೋಯ್ಟ್ ವಿಲ್ಹೆಲ್ಮ್ ಪ್ರಮುಖ.

ವಿಲ್ಹೆಲ್ಮ್ 1922ರಲ್ಲಿ ಉತ್ತರ ಕೆರೊಲಿನಾದ ಹಂಟರ್ಸ್‌ವಿಲ್‌ನಲ್ಲಿ, ಬೇಸಾಯಗಾರರ ಮನೆಯಲ್ಲಿ ಹುಟ್ಟಿದ. ಹುಡುಗನಾಗಿದ್ದಾಗ ಡಚ್ ಲೆನರ್ಡ್ ಎಂಬ ಆಟಗಾರ ಚೆಂಡು ಹಿಡಿದ ಬಗೆಯನ್ನು ಪತ್ರಿಕೆಯ ಚಿತ್ರದಲ್ಲಿ ಕಂಡು ‘ನಕಲ್‌ಬಾಲ್’ ಕಲಿತ. ಬೆರಳ ತುದಿಯಲ್ಲಿ ಹಿಡಿದು, ಹೆಚ್ಚು ತಿರುಗದಂತೆ ಎಸೆಯುವ ಚೆಂಡು ಅದು. ಹೊಲಿಗೆಯ ಅಂಚಿಗೆ ಗಾಳಿ ತಾಗಿ ಓಲಾಡುತ್ತ ಸಾಗುತ್ತದೆ. ಎಲ್ಲಿ ಬಾಗೀತೆಂಬುದು ಎಸೆದವನಿಗೂ ತಿಳಿಯದು!

ಅಷ್ಟರಲ್ಲಿ ಮಹಾಯುದ್ಧ ಬಂತು. ಬಲ್ಜ್ ಕಾಳಗದಲ್ಲಿ ಗಾಯಗೊಂಡ ವಿಲ್ಹೆಲ್ಮ್ ಪರ್ಪಲ್ ಹಾರ್ಟ್ ಪದಕ ಪಡೆದ. ಲೋಹದ ಚೂರುಗಳು ಅವನ ಮೈಯಲ್ಲೇ ಉಳಿದವು. ಮರಳಿ ಬಂದು ಸಣ್ಣಪುಟ್ಟ ಲೀಗುಗಳಲ್ಲಿ ವರ್ಷಗಟ್ಟಲೆ ಆಡಿದ. ದೊಡ್ಡ ಲೀಗಿನ ಬಾಗಿಲು ತೆರೆದದ್ದು 1952ರಲ್ಲಿ, 29ನೆಯ ವಯಸ್ಸಿನಲ್ಲಿ. ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕಾಗಿ ಬ್ಯಾಟು ಹಿಡಿದ ಮೊದಲ ಸರದಿಯಲ್ಲೇ ಹೋಮ್ ರನ್ ಹೊಡೆದ. ಮುಂದೆ 21 ಋತುಗಳ ಆಟದಲ್ಲಿ ಇನ್ನೊಂದನ್ನು ಹೊಡೆಯಲಿಲ್ಲ. ಆ ವರ್ಷ ಅವನು ಆಡಿದ 71 ಆಟಗಳಲ್ಲಿಯೂ ನಡುವೆ ಇಳಿದವನೇ. ಆದರೂ 15 ಗೆಲುವು, 3 ಸೋಲು.

ಆ ಬಳಿಕ ಊರೂರು ಅಲೆದಾಟ. ಅವನ ಚೆಂಡು ಬ್ಯಾಟಿಗನಿಗೆ ಎಷ್ಟು ಕಠಿಣವೋ, ಹಿಂದೆ ನಿಂತು ಹಿಡಿಯುವ ಕ್ಯಾಚರನಿಗೂ ಅಷ್ಟೇ ಕಠಿಣ. 1958ರಲ್ಲಿ ಕ್ಲೀವ್‌ಲ್ಯಾಂಡ್ ಅವನನ್ನು ಕೈಬಿಟ್ಟಿತು, ಬಾಲ್ಟಿಮೋರ್ ಕರೆದುಕೊಂಡಿತು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 20ರಂದು, ಆರಂಭದಿಂದಲೇ ಎಸೆಯುವ ಅವಕಾಶ ಒದಗಿತು. ಎದುರಿಗೆ ಆ ವರ್ಷದ ಚಾಂಪಿಯನ್ನರಾದ ಯಾಂಕೀಸ್. ವಿಲ್ಹೆಲ್ಮ್ ಅವರಿಗೆ ಇಡೀ ಆಟದಲ್ಲಿ ಒಂದೇ ಒಂದು ಹಿಟ್ಟನ್ನೂ ಬಿಟ್ಟುಕೊಡಲಿಲ್ಲ. ಬಾಲ್ಟಿಮೋರ್ 1-0ರಿಂದ ಗೆದ್ದಿತು. 1960ರಲ್ಲಿ ತಂಡದ ಮ್ಯಾನೇಜರ್ ಪಾಲ್ ರಿಚರ್ಡ್ಸ್, ಅವನ ಚೆಂಡು ಹಿಡಿಯಲೆಂದೇ ಅತಿ ದೊಡ್ಡ ಕೈಚೀಲ ಮಾಡಿಸಿದ. ಮುಂದೆ ಅದರ ಅಳತೆಗೆ ನಿಯಮವೇ ಬಂತು.

ನಕಲ್‌ಬಾಲ್ ತೋಳನ್ನು ದಣಿಸುವುದಿಲ್ಲ. ಹೀಗೆ ಒಂಬತ್ತು ತಂಡಗಳ ಉಡುಪು ತೊಟ್ಟು, 1,070 ಆಟಗಳನ್ನಾಡಿ, 1972ರಲ್ಲಿ 50ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ವಿಲ್ಹೆಲ್ಮ್ ನಿವೃತ್ತನಾದ. ದಾಖಲೆಗಳು ಅವನ ವಯಸ್ಸನ್ನು ಒಂದು ವರ್ಷ ಕಡಿಮೆ ತೋರಿಸುತ್ತಿದ್ದವು!

ಕೈಜಾರಲಿದ್ದ ಗೆಲುವನ್ನು ಉಳಿಸಿಕೊಟ್ಟ ಕೆಲಸಕ್ಕೆ ಅಧಿಕೃತ ಲೆಕ್ಕ ಶುರುವಾದದ್ದೇ 1969ರಲ್ಲಿ. ಆ ಹೊತ್ತಿಗೆ ಅವನ ಆಟ ಬಹುಪಾಲು ಮುಗಿದಿತ್ತು. 1985ರಲ್ಲಿ ಬೇಸ್‌ಬಾಲ್ ಕೀರ್ತಿಮಂದಿರ ಅವನನ್ನು ಬರಮಾಡಿಕೊಂಡಿತು. ರಿಲೀಫ್ ಪಿಚರ್ ಒಬ್ಬನಿಗೆ ಆ ಮನ್ನಣೆ ದೊರೆತದ್ದು ಅದೇ ಮೊದಲು. ವಿಲ್ಹೆಲ್ಮ್ 2002ರಲ್ಲಿ ತೀರಿಕೊಂಡ. ಹಂದರ ಹಾಕಿದವನ ಹೆಸರು ಹತ್ತು ಮಂದಿಗೆ ಗೊತ್ತು. ಮಳೆ ಬಂದಾಗ ಅದರ ಕಂಬ ಹಿಡಿದು ನಿಂತವನನ್ನೂ ನೆನೆಯುವುದು ನ್ಯಾಯ.