ಚಕ್ರದ ಮೇಲಿನ ದೀಪಗಳು

ಡಿಸೆಂಬರ್ ಬಂತೆಂದರೆ ಮಂಗಳೂರಿನಲ್ಲಿ ನಮ್ಮಂಥವರ ಮನೆಗೂ ನೆರೆಮನೆಯಿಂದ ಒಂದು ತಟ್ಟೆ ಬರುತ್ತದೆ. ಮೇಲೆ ಕ್ರೋಶಾ ಹಾಕಿದ ಬಿಳಿ ಬಟ್ಟೆ, ಅದರ ಕೆಳಗೆ ಕುಸ್ವಾರ್. ಕಿಡಿಯೊ, ನೆವ್ರಿ, ಗುಳಿಯೊ, ಒಂದು ತುಂಡು ಕೇಕು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಾವು ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತೇವೆ. ಬಹಳ ವರ್ಷ ಕ್ರಿಸ್ಮಸ್ ಎಂದರೆ ನನಗೆ ಈ ತಟ್ಟೆಯೇ ಆಗಿತ್ತು. ಆ ತಟ್ಟೆ ಬರುವ ಮೊದಲು ನಾಲ್ಕು ವಾರಗಳ ಇನ್ನೊಂದು ಕಾಲವಿದೆ ಎಂದೂ ಅದಕ್ಕೂ ತಿಂಡಿಗೂ ಸಂಬಂಧವಿಲ್ಲವೆಂದೂ ತಿಳಿದದ್ದು 1998ರ ಡಿಸೆಂಬರಿನಲ್ಲಿ.

ನಾನಾಗ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನನ್ನ ಜೊತೆಗೆ ಗಣಿತ ಕಲಿಸುತ್ತಿದ್ದ ಹಿರಿಯ ಟೀಚರೊಬ್ಬರು ಬಾಸೆಲ್ ಮಿಶನ್ ಕಾಲದ ಕ್ರೈಸ್ತ ಮನೆತನದವರು; ಅವರ ಅಜ್ಜ ಮಿಶನ್ನಿನ ಹೆಂಚಿನ ಕಾರ್ಖಾನೆಯಲ್ಲಿದ್ದವರು. ಆ ವಾರ ನನ್ನ ಮನಸ್ಸು ಸರಿಯಿರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಸಂಜೆ ಅವರು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಊಟದ ಮೇಜಿನ ಮೇಲೆ ಹಸಿರೆಲೆಗಳ ಒಂದು ಬಳೆ, ಅದರಲ್ಲಿ ನಾಲ್ಕು ಮೇಣದಬತ್ತಿ. ಎರಡು ಮಾತ್ರ ಉರಿಯುತ್ತಿದ್ದವು.

"ಉಳಿದೆರಡು ಕರೆಂಟು ಹೋದರೆ ಹಚ್ಚಲಿಕ್ಕಾ ಟೀಚರ್?" ಎಂದೆ.

ಅವರು ನಕ್ಕುಬಿಟ್ಟರು. "ಅಲ್ಲ ಮಾರಾಯ್ತಿ. ಇದು ಆಗಮನ ಕಾಲ. ವಾರಕ್ಕೆ ಒಂದೇ. ಅವಸರ ಮಾಡಲಿಕ್ಕಿಲ್ಲ."

ನವೆಂಬರ್ 30ಕ್ಕೆ ಯಾವ ಭಾನುವಾರ ಹತ್ತಿರವೋ ಅಂದಿನಿಂದ ಈ ಕಾಲ ಶುರು. ಹೀಗಾಗಿ ಒಂದು ವರ್ಷ ಇಪ್ಪತ್ತೆರಡೇ ದಿನ, ಇನ್ನೊಂದು ವರ್ಷ ಇಪ್ಪತ್ತೆಂಟು ದಿನ. ಭಾನುವಾರ ಮಾತ್ರ ನಾಲ್ಕಕ್ಕೆ ತಪ್ಪುವುದಿಲ್ಲ. ಕೆಥೋಲಿಕರ ಇಗರ್ಜಿಯಲ್ಲಿ ಪಾದ್ರಿಗಳು ಆಗ ನೇರಳೆ ಬಣ್ಣದ ಮೇಲಂಗಿ ತೊಡುತ್ತಾರೆ. ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ ತೊಡುವುದೂ ಇದೇ ಬಣ್ಣ. ಮಗು ಹುಟ್ಟುವ ಹಬ್ಬಕ್ಕೆ ಮೊದಲು ಪಶ್ಚಾತ್ತಾಪದ ಬಣ್ಣವೇಕೆ ಎಂದು ನನಗೆ ಸೋಜಿಗವಾಯಿತು. ಮುಂದೆ ಬಿಡುವಿದ್ದಾಗಲೆಲ್ಲ ಇದರ ಚರಿತ್ರೆಯನ್ನು ಓದುತ್ತ ಹೋದೆ. ಸಮಾಜ ಪಾಠದವರಿಗೆ ಇಸವಿಗಳ ಹುಚ್ಚು ಇದ್ದದ್ದೇ!

ಆಗಮನ ಕಾಲ ಮೊದಲಿಗೆ ಉಪವಾಸದ ಕಾಲವಾಗಿತ್ತು. ಐದನೆಯ ಶತಮಾನದಲ್ಲಿ ಫ್ರಾನ್ಸಿನ ತೂರ್ ಊರಿನಲ್ಲಿ ಪೆರ್ಪೆತೂಸ್ ಎಂಬ ಬಿಷಪ್ಪರಿದ್ದರು. ನವೆಂಬರ್ 11ರ ಸಂತ ಮಾರ್ಟಿನ್ನರ ಹಬ್ಬದಿಂದ ಕ್ರಿಸ್ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸವಿರಬೇಕೆಂದು ಅವರು ಗೊತ್ತುಮಾಡಿದ್ದನ್ನು, ಅದೇ ಊರಿನಲ್ಲಿ ಮುಂದೆ ಬಿಷಪ್ಪರಾದ ಗ್ರೆಗೊರಿ ಬರೆದಿಟ್ಟಿದ್ದಾರೆ. ನಮ್ಮ ಏಕಾದಶಿ, ಸೋಮವಾರಗಳನ್ನು ಬಲ್ಲ ಹೆಂಗಸರಿಗೆ ಇದು ವಿಚಿತ್ರವೆನಿಸಲಾರದು. ಬರಬರುತ್ತ ಉಪವಾಸ ಸಡಿಲವಾಗಿ ನಾಲ್ಕು ಭಾನುವಾರಗಳು ನಿಂತವು. ಆದರೆ ಆ ಭಾನುವಾರಗಳಲ್ಲಿ ಓದುವ ಪಾಠ ಹಳೆಯದೇ. ಅದರಲ್ಲಿ ಬರುವವನು ಒಂಟೆಯ ಕೂದಲಿನ ಬಟ್ಟೆ ಉಟ್ಟು ಅಡವಿಯಲ್ಲಿ ನಿಂತು ಕೂಗುವ ಸ್ನಾನಿಕ ಯೋಹಾನ. ಪಶ್ಚಾತ್ತಾಪಪಡಿ ಎನ್ನುವ ಕಡೆ ಕನ್ನಡ ಬೈಬಲಿನಲ್ಲಿ 'ತಿರುಗಿಕೊಳ್ಳಿರಿ' ಎಂಬ ಮಾತಿದೆ. ಎಷ್ಟು ಒಳ್ಳೆಯ ಕನ್ನಡ! ಅಳಬೇಕಾಗಿಲ್ಲ, ಎದೆ ಬಡಿದುಕೊಳ್ಳಬೇಕಾಗಿಲ್ಲ. ಹೋಗುತ್ತಿದ್ದ ದಾರಿಯಲ್ಲಿ ನಿಂತು ಹಿಂದಕ್ಕೆ ತಿರುಗಬೇಕು. ತಿರುಗುವುದೆಂದರೆ ಹೇಗೆ ಎಂದು ಜನ ಕೇಳಿದಾಗ ಯೋಹಾನ ಕೊಡುವ ಉತ್ತರ ಲೆಕ್ಕದ ಹಾಗೆ ಸರಳ. ಇರುವ ಬಟ್ಟೆಯನ್ನು ಇಲ್ಲದವರೊಡನೆ ಹಂಚಿಕೊಳ್ಳುವುದು, ಸುಂಕದವರಾದರೆ ಹೆಚ್ಚು ಕೀಳದಿರುವುದು, ಅಷ್ಟೆ.

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ಕ್ರೈಸ್ತ ಸಭೆಯ ಮೊದಲ ಶತಮಾನಗಳಲ್ಲಿ ದೊಡ್ಡ ತಪ್ಪು ಮಾಡಿದವರು ಎಲ್ಲರ ಕಣ್ಣೆದುರಿಗೆ ಪ್ರಾಯಶ್ಚಿತ್ತ ಮಾಡಬೇಕಿತ್ತು. ಜನರಿಂದ ಬೇರೆಯಾಗಿ ನಿಂತು, ಪ್ರಸಾದವಿಲ್ಲದೆ ಕಾದು, ಕೊನೆಗೆ ಎಲ್ಲರ ಮುಂದೆಯೇ ಮತ್ತೆ ಒಳಗೆ ಸೇರಬೇಕಿತ್ತು. ಒಬ್ಬ ಪಾದ್ರಿಯ ಕಿವಿಯಲ್ಲಿ ಗುಟ್ಟಾಗಿ ಪಾಪ ನಿವೇದಿಸುವ ಪದ್ಧತಿ ಆರು, ಏಳನೆಯ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳ ಮೂಲಕ ಯುರೋಪಿನಲ್ಲಿ ಹರಡಿತು. 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಹಾಗೆ ಮಾಡಲೇಬೇಕೆಂದು ವಿಧಿಸಿತು. ಮರ್ಯಾದೆಯ ದೃಷ್ಟಿಯಿಂದ ಇದು ದೊಡ್ಡ ಉಪಕಾರವೇ. ಆದರೂ ಹತ್ತು ಜನರ ಎದುರಿಗೆ ಮಾಡಿದ ತಪ್ಪನ್ನು ಕತ್ತಲೆಯಲ್ಲಿ ಒಬ್ಬರಿಗೆ ಹೇಳಿ ಕೈ ತೊಳೆದುಕೊಳ್ಳಲಿಕ್ಕೂ ಇದು ಒಂದು ದಾರಿಯಾಯಿತಲ್ಲವೆ ಎಂದು ನನಗೆ ಅನ್ನಿಸಿದ್ದುಂಟು. ಹಾಗನ್ನಿಸಲು ನನ್ನದೇ ಕಾರಣವಿತ್ತು.

ಆ ಸಂಜೆ ನಮ್ಮ ಟೀಚರು ಹೇಳಿದ್ದು ತೂರ್ ಊರಿನ ಕತೆಯಲ್ಲ, ಆ ನಾಲ್ಕು ಮೇಣದಬತ್ತಿಯ ಕತೆ. ಅದು ಒಬ್ಬ ಮೇಷ್ಟರ ಕತೆ.

ಯೋಹಾನ್ ಹಿನ್ರಿಕ್ ವಿಖರ್ನ್ 1808ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದವನು. ಹದಿನೈದನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಏಳು ಮಕ್ಕಳಲ್ಲಿ ಇವನೇ ದೊಡ್ಡವನು. ಮನೆಪಾಠ ಹೇಳಿ ಸಂಸಾರಕ್ಕೆ ಆಸರೆಯಾದ. ಮುಂದೆ ದೇವಶಾಸ್ತ್ರ ಓದಿ ಊರಿಗೆ ಮರಳಿ, ಭಾನುವಾರದ ಶಾಲೆಯಲ್ಲಿ ಬಡಮಕ್ಕಳಿಗೆ ಪಾಠ ಮಾಡತೊಡಗಿದ. ಮಕ್ಕಳು ಶಾಲೆಗೆ ಬಾರದಿದ್ದಾಗ ಅವರ ಮನೆಗಳನ್ನು ಹುಡುಕಿಕೊಂಡು ಹೋದ. ಹ್ಯಾಂಬರ್ಗ್ ಆಗ ಹಣವಂತರ ಬಂದರು. ಅದರ ಹಿಂದಿನ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಎರಡು ಮೂರು ಸಂಸಾರ, ಕುಡಿತ, ಕಾಯಿಲೆ. ಮಕ್ಕಳಿಗೆ ಭಿಕ್ಷೆ, ಇಲ್ಲವಾದರೆ ಕಳವು. ಸಿಕ್ಕಿಬಿದ್ದ ಹುಡುಗರನ್ನು ದೊಡ್ಡವರ ಜೊತೆಗೇ ಸೆರೆಮನೆಗೆ ಹಾಕುತ್ತಿದ್ದರು.

ಸೀವೆಕಿಂಗ್ ಎಂಬ ನಗರದ ಅಧಿಕಾರಿಯೊಬ್ಬರು ಊರಹೊರಗಿನ ಹಾರ್ನ್ ಎಂಬಲ್ಲಿ ಹುಲ್ಲು ಹೊದಿಸಿದ ಒಂದು ಹಳೆಯ ಮನೆಯನ್ನೂ ಸ್ವಲ್ಪ ಜಾಗವನ್ನೂ ಕೊಟ್ಟರು. 'ರೌಹೆಸ್ ಹೌಸ್' ಎಂದು ಅದರ ಹೆಸರು. 1833ರ ಅಕ್ಟೋಬರ್ ಕೊನೆಗೆ ಇಪ್ಪತ್ತೈದು ವರ್ಷದ ವಿಖರ್ನ್ ತಾಯಿ, ತಂಗಿಯರೊಡನೆ ಅಲ್ಲಿ ಸಂಸಾರ ಹೂಡಿದ. ಮುಂದಿನ ವಾರಗಳಲ್ಲಿ ಹುಡುಗರು ಒಬ್ಬೊಬ್ಬರಾಗಿ ಬಂದರು. ನಮ್ಮ ಮಂಗಳೂರಿಗೆ ಬಾಸೆಲ್ ಮಿಶನ್ನಿನ ಮೊದಲ ಮೂವರು ಬಂದದ್ದು ಇದರ ಮರುವರ್ಷ, 1834ರಲ್ಲಿ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೂ ಒಂದೇ ಕಾಲದ ಭಕ್ತಿಯ ಎರಡು ಕೊಂಬೆಗಳು ಎಂದು ನಮ್ಮ ಟೀಚರಿಗೆ ಅಭಿಮಾನ.

ಮನೆಯೊಳಗೆ ಕಾಲಿಟ್ಟ ಪ್ರತಿ ಹುಡುಗನಿಗೂ ವಿಖರ್ನ್ ಮೊದಲು ಹೇಳುತ್ತಿದ್ದ ಮಾತು ಒಂದೇ: ನಿನ್ನದೆಲ್ಲವೂ ಕ್ಷಮಿಸಲ್ಪಟ್ಟಿದೆ ಎಂದು. ಇಲ್ಲಿ ಗೋಡೆಯಿಲ್ಲ, ಕಂದಕವಿಲ್ಲ, ಚಿಲಕವಿಲ್ಲ ಎಂದೂ ತೋರಿಸುತ್ತಿದ್ದ. ಪೊಲೀಸರ ಕಾಗದದಲ್ಲಿ ಏನೇ ಬರೆದಿರಲಿ, ಆ ಹಳೆಯ ಸಂಗತಿಯನ್ನು ಉಳಿದ ಹುಡುಗರ ಮುಂದೆ ಯಾರೂ ಎತ್ತುವಂತಿರಲಿಲ್ಲ. ಹುಡುಗ ಒಳ್ಳೆಯವನಾದ ಮೇಲೆ ಸಿಗುವ ಬಹುಮಾನವಲ್ಲ ಈ ಕ್ಷಮೆ, ಬಾಗಿಲಲ್ಲೇ ಸಿಗುವಂಥದು. ಅಲ್ಲಿಂದ ಮುಂದೆ ಕೆಲಸ. ಹನ್ನೆರಡು ಹುಡುಗರಿಗೊಂದು ಮನೆಯೆಂದು ಕಟ್ಟಿಕೊಂಡು, ಒಬ್ಬ ಹಿರಿಯನ ಜೊತೆ ಸಂಸಾರದ ಹಾಗೆ ಇದ್ದು, ತೋಟ, ಬಡಗಿ ಕೆಲಸ, ಚಪ್ಪಲಿ ಹೊಲಿಯುವುದು, ಮುದ್ರಣ ಕಲಿಯುತ್ತಿದ್ದರು. ಓಡಿಹೋಗುವವರೂ ಇದ್ದರು. ಅವರನ್ನು ಹುಡುಕಿ ಕರೆತರುತ್ತಿದ್ದರು.

ಕ್ರಿಸ್ಮಸ್ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಎಂದು ಈ ಮಕ್ಕಳು ಪೀಡಿಸುತ್ತಿದ್ದರಂತೆ. ಕಾದು ಗೊತ್ತಿಲ್ಲದ ಮಕ್ಕಳು; ಕಾದರೆ ಏನಾದರೂ ಸಿಗುತ್ತದೆಂದು ಅವರಿಗೆ ಯಾರು ಕಲಿಸಿದ್ದರು? 1839ರ ಆಗಮನ ಕಾಲದಲ್ಲಿ ವಿಖರ್ನ್ ಗಾಡಿಯ ಒಂದು ಹಳೆಯ ಚಕ್ರವನ್ನು ಪ್ರಾರ್ಥನೆಯ ಕೋಣೆಯಲ್ಲಿ ತೂಗುಹಾಕಿ ಅದರ ಮೇಲೆ ಮೇಣದಬತ್ತಿಗಳನ್ನು ನಿಲ್ಲಿಸಿದ. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚುವುದು, ಹಾಡುವುದು. ಮಕ್ಕಳು ಉರಿಯದ ಬತ್ತಿಗಳನ್ನು ಎಣಿಸಿಕೊಳ್ಳುತ್ತಿದ್ದರು. ಹಾಗೆ ಲೆಕ್ಕವನ್ನೂ ಕಲಿತರು. ಹಸಿರುಟ್ಟದ್ದು, ಸಣ್ಣ ಬತ್ತಿಗಳು ಹೋಗಿ ನಾಲ್ಕೇ ಉಳಿದದ್ದು, ಕೆಥೋಲಿಕರೂ ಅದನ್ನು ತಮ್ಮದು ಮಾಡಿಕೊಂಡದ್ದು ಎಲ್ಲ ಮುಂದಿನ ನೂರು ವರ್ಷದ ಕತೆ. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದೂ ಸಿಗುತ್ತದೆ. ಅದನ್ನು ನೋಡಿದವರಿಗೆ ಅದು ಕಳ್ಳಹುಡುಗರ ಮನೆಯ ಗಾಡಿಚಕ್ರವೆಂದು ಹೇಗೆ ಗೊತ್ತಾಗಬೇಕು?

ವಿಖರ್ನನನ್ನು ಸಂತನನ್ನಾಗಿ ಮಾಡುವ ಆಸೆ ನನಗಿಲ್ಲ. ಮುಂದೆ ಅವನು ಪ್ರಷ್ಯಾ ಸರ್ಕಾರದಲ್ಲಿ ಸೆರೆಮನೆಗಳ ಸುಧಾರಣೆಗೆ ಸೇರಿದ. ಬರ್ಲಿನ್ನಿನ ಮೋವಾಬಿಟ್ ಸೆರೆಮನೆಯಲ್ಲಿ 1856ರಿಂದ ಅವನು ತರಬೇತಿ ಕೊಟ್ಟವರೇ ಕಾವಲುಗಾರರು. ಅಲ್ಲಿ ನಡೆದದ್ದು ಒಂಟಿಕೋಣೆಯ ವಾಸ. ಪ್ರಾರ್ಥನೆಯ ಹೊತ್ತಿನಲ್ಲೂ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣದಂತೆ ಅಡ್ಡಹಲಗೆ. ಒಬ್ಬನೇ ಕೂತರೆ ಮನಸ್ಸು ತಿರುಗುತ್ತದೆ ಎಂಬುದು ಆ ಕಾಲದ ನಂಬಿಕೆ. ವಿಖರ್ನನೂ ಅದನ್ನು ನಂಬಿದ. ಗೋಡೆಯಿಲ್ಲ ಎಂದು ಹುಡುಗರಿಗೆ ಹೇಳಿದವನು ದೊಡ್ಡವರಿಗೆ ಗೋಡೆಯೊಳಗೆ ಗೋಡೆ ಕಟ್ಟಿಸಿದ. ಈ ಭಾಗ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಒಳ್ಳೆಯ ಮೇಷ್ಟರೂ ಅಧಿಕಾರ ಬಂದ ಜಾಗದಲ್ಲಿ ಬೇರೆ ಮನುಷ್ಯರಾಗುತ್ತಾರೆ; ಅದಕ್ಕೆ ಪ್ರಷ್ಯಾದವರೆಗೆ ಹೋಗಬೇಕಾಗಿಲ್ಲ, ಏಳನೆಯ ತರಗತಿಯ ಕೋಣೆ ಸಾಕು.

ಈಗ ಆ ವಾರದ ಮಾತು. ಪ್ರವಾಸಕ್ಕೆಂದು ಮಕ್ಕಳು ತಂದುಕೊಟ್ಟ ಹಣದಲ್ಲಿ ಒಂದಿಷ್ಟು ಮೇಜಿನಿಂದ ಕಾಣೆಯಾಯಿತು. ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು, ತಾಯಿ ಬೀಡಿ ಕಟ್ಟುವವರು. ಹಿಂದಿನ ವರ್ಷ ಯಾರದೋ ಪೆನ್ಸಿಲ್ ಅವಳ ಚೀಲದಲ್ಲಿ ಸಿಕ್ಕಿತ್ತು. ನನಗೆ ಅಷ್ಟು ಸಾಕಾಯಿತು. ನಲವತ್ತು ಮಕ್ಕಳೆದುರು ಅವಳ ಚೀಲವನ್ನು ನೆಲಕ್ಕೆ ಸುರಿಸಿದೆ, ಲಂಗದ ಜೇಬು ನೋಡಿದೆ, ತಾಯಿಯನ್ನು ಕರೆಸಿದೆ. ಆ ಹೆಂಗಸು ನನ್ನೆದುರೇ ಮಗಳ ಕೆನ್ನೆಗೆ ಹೊಡೆದರು. ಹುಡುಗಿ ಅಳಲಿಲ್ಲ. ಅದನ್ನೂ ನಾನು ಅವಳ ಗಟ್ಟಿತನವೆಂದೇ ತಿಳಿದೆ. ಮೂರನೆಯ ದಿನ ಹಾಜರಿ ಪುಸ್ತಕಕ್ಕೆ ಹಾಕಿದ್ದ ಖಾಕಿ ಬೈಂಡಿನ ಮಡಿಕೆಯಿಂದ ನೋಟುಗಳು ಬಿದ್ದವು. ಇಟ್ಟವಳು ನಾನೇ.

ನಾನು ಏನು ಮಾಡಿದೆ ಗೊತ್ತೆ? ತರಗತಿಗೆ ಹೋಗಿ, "ಹಣ ಸಿಕ್ಕಿತು ಮಕ್ಕಳೇ, ಇನ್ನು ಆ ವಿಷಯ ಯಾರೂ ಮಾತಾಡಬಾರದು" ಎಂದೆ. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ. ದೊಡ್ಡ ಮನಸ್ಸಿನಿಂದ ಎಲ್ಲರನ್ನೂ ಕ್ಷಮಿಸಿದವಳ ದನಿ ನನ್ನದು.

ವಿಖರ್ನನ ಕತೆ ಕೇಳಿ ಮುಗಿಸಿ ಆ ಸಂಜೆ ನಾನು ಟೀಚರಿಗೆ ಇದನ್ನು ಹೇಳಿದೆ. ನಾನೂ ಹಾಗೆಯೇ ಮಾಡಿದೆನಲ್ಲ, ಹಳೆಯದನ್ನು ಎತ್ತಬಾರದು ಎಂದೆನಲ್ಲ ಎಂಬ ಒಂದು ಆಸೆ ಒಳಗೆ ಇತ್ತು. ಅವರು ಬಹಳ ಹೊತ್ತು ಬತ್ತಿಯ ಕಡೆ ನೋಡುತ್ತಿದ್ದರು. "ಅವನು ಬಾಯಿ ಮುಚ್ಚಿಸಿದ್ದು ಹುಡುಗರ ಮಾನ ಉಳಿಯಲಿ ಅಂತ. ನೀವು ಯಾರ ಮಾನಕ್ಕೆ?" ಎಂದರು. ಆಮೇಲೆ, "ಆ ಮಗುವಿನ ಹತ್ತಿರ ಏನು ಹೇಳಿದಿರಿ?" ಎಂದರು.

ನಾಳೆ ಹೇಳುತ್ತೇನೆ ಎಂದೆ. ನಾಳೆ ಪರೀಕ್ಷೆ ಬಂತು, ಕ್ರಿಸ್ಮಸ್ ರಜೆ ಬಂತು. ಏಪ್ರಿಲ್ಲಿನಲ್ಲಿ ಅವಳು ಏಳನೆಯದು ಮುಗಿಸಿ ಹೋದಳು. ನನಗೆ ವರ್ಗವಾಯಿತು. ಪ್ರತಿ ಡಿಸೆಂಬರಿನಲ್ಲೂ ಆ ಟೀಚರ ಮನೆಗೆ ಹೋಗುತ್ತಿದ್ದೆ. ಅವರು ಮತ್ತೆ ಒಮ್ಮೆಯೂ ಕೇಳಲಿಲ್ಲ. ಬತ್ತಿ ಹಚ್ಚುವಾಗ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅದೇ ನನಗೆ ಕಷ್ಟವಾಗುತ್ತಿತ್ತು.

ಹೋದ ವರ್ಷ ಅವಳ ವಿಳಾಸ ಸಿಕ್ಕಿತು. ಮೂಡುಬಿದಿರೆ ದಾರಿಯಲ್ಲಿ ಗಂಡನ ಮನೆ, ಅವಳು ಟೈಲರಿಂಗ್ ಮಾಡುತ್ತಾಳೆ. ಆಗಮನದ ಮೂರನೆಯ ವಾರ ಹೋದೆ. "ಬನ್ನಿ ಟೀಚರ್" ಎಂದು ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿದಳು. ನಾನು ಬಾಯಿಪಾಠ ಮಾಡಿಕೊಂಡು ಹೋದ ಮಾತುಗಳೆಲ್ಲ ಮರೆತುಹೋದವು. "ಆ ನೂರೈವತ್ತು ರೂಪಾಯಿ ನನ್ನ ಹಾಜರಿ ಪುಸ್ತಕದಲ್ಲೇ ಇತ್ತು. ನನ್ನದೇ ತಪ್ಪು" ಎಂದೆ.

"ನೂರೆಪ್ಪತ್ತೈದು ಟೀಚರ್" ಎಂದಳು ಅವಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಚಹಾ ಮಾಡಿ ಕೊಟ್ಟಳು. ಬಸ್ಸಿನವರೆಗೆ ಬಿಡಲು ಬಂದವಳು ಕೈಕಂಬದ ಬಸ್ಸು ಕಂಡಾಗ, "ಅಮ್ಮನ ಹತ್ತಿರವೂ ಒಮ್ಮೆ ಹೇಳಿ ಟೀಚರ್. ಅವರು ಈಗಲೂ ನಾನೇ ತೆಗೆದದ್ದು ಅಂತ ತಿಳಿದಿದ್ದಾರೆ" ಎಂದಳು.

ಅವಳ ತಾಯಿ ಹಳೆಯ ಮನೆಯಲ್ಲೇ ಇದ್ದಾರೆ, ಕಿವಿ ಸ್ವಲ್ಪ ಮಂದ. ದಾರಿ ನನಗೆ ಗೊತ್ತಿದೆ. ಗಟ್ಟಿಯಾಗಿ ಹೇಳಬೇಕಾಗುತ್ತದೆ, ಅಕ್ಕಪಕ್ಕದವರಿಗೂ ಕೇಳಿಸಬಹುದು. ಬರುವ ಭಾನುವಾರ ಹೊರಡುವವಳಿದ್ದೇನೆ.