ವಂಶವಾಹಿಯ ಪಾಠಾಂತರಗಳು: ಗಣಕದ ತೀರ್ಪು ಮತ್ತು ಸ್ಥಳೀಯ ಸಾಕ್ಷ್ಯ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ಅಭ್ಯಸಿಸುವವರಿಗೆ ಒಂದು ಕ್ರಮ ಸುಪರಿಚಿತವಾದುದು. ಕಲ್ಲಿನ ಮೇಲಣ ಅಕ್ಷರವೊಂದು ಸಂದೇಹಾಸ್ಪದವಾದಾಗ, ಅದು ಬರೆದವನ ಕೈತಪ್ಪೋ ಸೀಮೆಯ ವಾಡಿಕೆಯೋ ಎಂಬುದನ್ನು ಅದೇ ಸೀಮೆಯ ಇತರ ಶಾಸನಗಳೊಡನೆ ಹೋಲಿಸಿ ನಿರ್ಣಯಿಸಬೇಕಾಗುತ್ತದೆ. ರೈಸರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕರಿಸಿದಾಗ, ಈ ನಾಲ್ಕು ತಾಲ್ಲೂಕುಗಳ ಶಾಸನಗಳು 1977 ಮತ್ತು 1979ರ ಸಂಪುಟಗಳಲ್ಲಿ ಹೊಸ ಸಾಮಗ್ರಿಯೊಡನೆ ಪ್ರಕಟವಾದುವು. ಸಾಮಗ್ರಿ ಹೆಚ್ಚಿದಷ್ಟೂ ನಿರ್ಣಯ ದೃಢವಾಗುತ್ತದೆ.

ಮಾನವನ ಆನುವಂಶಿಕ ಲಿಪಿಯ ವಿಷಯದಲ್ಲಿಯೂ ಇದೇ ಸಮಸ್ಯೆಯುಂಟು. ಸುಮಾರು ಮುನ್ನೂರು ಕೋಟಿ ಅಕ್ಷರಗಳ ಈ ಲಿಪಿಯಲ್ಲಿ ಪ್ರತಿಯೊಬ್ಬನೂ ಆಧಾರಪ್ರತಿಯಿಂದ 40ರಿಂದ 50 ಲಕ್ಷ ಸ್ಥಾನಗಳಲ್ಲಿ ಭಿನ್ನನಾಗಿರುತ್ತಾನೆ. ಇವುಗಳಲ್ಲಿ ರೋಗಕಾರಕವಾವುದು? 1965ರಲ್ಲಿ ಮಾರ್ಗರೆಟ್ ಡೇಹಾಫ್ ಮತ್ತು ಸಂಗಡಿಗರು ಪ್ರೋಟೀನುಗಳ ಕೋಶವನ್ನು ಪ್ರಕಟಿಸಿ ಹೋಲಿಕೆಗೆ ತಳಹದಿ ಹಾಕಿದರು. 2001ರಲ್ಲಿ ಪೌಲೀನ್ ಎಂಗ್ ಮತ್ತು ಸ್ಟೀವನ್ ಹೆನಿಕಾಫ್ ರಚಿಸಿದ ‘ಸಿಫ್ಟ್’ ಎಂಬ ಗಣಕಕ್ರಮದ ತತ್ತ್ವ ಸರಳವಾದುದು: ಅನೇಕ ಜೀವಿಗಳಲ್ಲಿ ಬದಲಾಗದೆ ಉಳಿದ ಸ್ಥಾನದಲ್ಲಿ ಉಂಟಾದ ಬದಲಾವಣೆಯು ಹಾನಿಕರವಾಗಿರುವ ಸಂಭವ ಹೆಚ್ಚು. ತರುವಾಯ 2014ರಲ್ಲಿ ‘ಕ್ಯಾಡ್’, 2023ರಲ್ಲಿ ‘ಆಲ್ಫಾಮಿಸೆನ್ಸ್’ ಬಂದುವು. ಆಲ್ಫಾಮಿಸೆನ್ಸ್ ಸುಮಾರು 7.1 ಕೋಟಿ ವ್ಯತ್ಯಯಗಳನ್ನು ಪರಿಶೀಲಿಸಿ ಶೇಕಡ 89ರಷ್ಟನ್ನು ವರ್ಗೀಕರಿಸಿತು. ಆದರೂ ಅಮೆರಿಕೆಯ ವೈದ್ಯಕೀಯ ತಳಿವಿಜ್ಞಾನಿಗಳ 2015ರ ನಿಯಮಾವಳಿಯು ಗಣಕದ ಊಹೆಗೆ ಪೋಷಕ ಸಾಕ್ಷ್ಯದ ಸ್ಥಾನವನ್ನು ಮಾತ್ರ ಕೊಟ್ಟಿತು.

ಇದಕ್ಕೆ ಕಾರಣವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. ಎನ್. ಅಪ್ಪಾಜಿರಾವ್, ರಾಧಾ ರಮಾದೇವಿ, ಅಲನ್ ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಶೋಧನೆ ನಡೆಸಿದರು. ಪರಿಶೀಲಿಸಿದ ಒಂದು ಲಕ್ಷಕ್ಕೂ ಮಿಕ್ಕ ವಿವಾಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧದೊಳಗಿನವು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಮೈಸೂರಿಗೆ ಹೊಂದಿದ ಈ ತಾಲ್ಲೂಕುಗಳಿಗೂ ಹೊಸದಲ್ಲ. ಇಂತಹ ಕುಟುಂಬಗಳಲ್ಲಿ ಒಂದೇ ವ್ಯತ್ಯಯವು ತಂದೆತಾಯಿಗಳಿಬ್ಬರಿಂದಲೂ ಮಗುವಿಗೆ ಬರುವ ಸಂಭವವು ಹೆಚ್ಚು.

ವೈಶ್ಯ ಸಮುದಾಯದ ನಿದರ್ಶನವನ್ನು ನೋಡೋಣ. ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಹೋಗಿ ಪ್ರೋಲಿನ್ ಬಂದಿರುವ ವ್ಯತ್ಯಯವು ಆ ಸಮುದಾಯದಲ್ಲಿರುವುದು 2006ರಲ್ಲಿ ವರದಿಯಾಯಿತು. ಈ ಕಿಣ್ವವಿಲ್ಲದವರಿಗೆ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಸ್ನಾಯುಗಳು ಗಂಟೆಗಟ್ಟಲೆ ನಿಶ್ಚೇಷ್ಟಿತವಾಗಿ, ಉಸಿರಾಟವೂ ನಿಲ್ಲಬಹುದು. ಬದಲಾವಣೆ ಹಾನಿಕರವೆಂದು ಗಣಕವು ಊಹಿಸಬಲ್ಲುದು. ಯಾವ ಜನರಲ್ಲಿ ಅದು ಹೆಚ್ಚಾಗಿದೆಯೆಂಬುದನ್ನು ಜನರ ನಡುವೆ ಹುಡುಕಿಯೇ ತಿಳಿಯಬೇಕು.

ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರವೂ ಪ್ರಮುಖವಾಗಿ ಪಾಲ್ಗೊಂಡ ಜೀನೋಮ್ ಇಂಡಿಯ ಯೋಜನೆಯ ಸುಮಾರು ಹತ್ತು ಸಾವಿರ ಜನರ ದತ್ತಾಂಶವು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಇದು ಶುಭಾರಂಭವೇ ಸರಿ. ಆದರೆ ಪರದೇಶದ ಪಟ್ಟಿಯಲ್ಲಿ ವಿರಳವೆಂಬ ಕಾರಣದಿಂದ ನಾಗಮಂಗಲದ ಶಿಶುವಿನ ನಿರಪಾಯ ವ್ಯತ್ಯಯವನ್ನು ರೋಗವೆಂದು ಹೆಸರಿಸಿದರೆ, ಆ ಮನೆಯ ವಿವಾಹ, ಸಂತಾನಗಳ ನಿರ್ಧಾರವೇ ತಪ್ಪುದಾರಿ ಹಿಡಿದೀತು. ಆದಕಾರಣ ಇಲ್ಲಿಯೂ ಸೀಮೆಯ ಸಾಕ್ಷ್ಯವೇ ಮೊದಲು, ತೀರ್ಪು ಅನಂತರ ಎಂಬುದು ನಮ್ಮ ಅಭಿಪ್ರಾಯ.